ಕಮ್ಮಿ ಮಾಡಿದ ಮೇಲೆ ಉಳಿಯುವುದು ಎಂತ? ರಂಗನಟರೊಬ್ಬರು ಕ್ಯಾಮೆರಾದ ಎದುರು ಕಳೆದ 11 ದಿನಗಳ ಪ್ರಕರಣ ಅಧ್ಯಯನ

ಈ ಪ್ರಕರಣದ ಕೇಂದ್ರದಲ್ಲಿರುವ ನಟರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರನ್ನಾಗಲಿ, ಅವರ ನಾಟಕ ತಂಡದ ಅಥವಾ ಸಿನಿಮಾದ ಹೆಸರನ್ನಾಗಲಿ ಇಲ್ಲಿ ಹೇಳುವುದಿಲ್ಲ. ಗುರುತು ಹಿಡಿಯಲು ಎಡೆಕೊಡುವ ಕೆಲವು ಸಂಗತಿಗಳನ್ನು ಬದಲಿಸಿದ್ದೇನೆ. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವರಾದ್ದರಿಂದ ಚಿತ್ರೀಕರಣದಲ್ಲಿ ಎಲ್ಲರೂ ಅವರನ್ನು ‘ಮಾಸ್ಟ್ರೇ’ ಎಂದು ಕರೆಯುತ್ತಿದ್ದರು. ಇಲ್ಲಿಯೂ ಅವರು ಮಾಸ್ಟ್ರೇ ಆಗಿರಲಿ. ನಟರಿಗೆ ಮಾತು ಮತ್ತು ತಾಲೀಮು ಮಾಡಿಸುವ ಸಹಾಯಕನಾಗಿ ನಾನು ಆ ತಂಡದಲ್ಲಿದ್ದೆ.

ಹಿನ್ನೆಲೆ

ಮಾಸ್ಟ್ರು ಉಡುಪಿಯ ಹವ್ಯಾಸಿ ರಂಗಭೂಮಿಯಲ್ಲಿ 30 ವರ್ಷಕ್ಕೂ ಹೆಚ್ಚು ಕಾಲ ದುಡಿದವರು. ಎಂಜಿಎಂ ಕಾಲೇಜಿನ ಮುದ್ದಣ ಮಂಟಪದಂತಹ ಬಯಲು ರಂಗದಲ್ಲಿ, ಮೈಕು ಕೈಕೊಟ್ಟ ರಾತ್ರಿಗಳಲ್ಲೂ, ಕೊನೆಯ ಮೆಟ್ಟಿಲಲ್ಲಿ ಕೂತವರಿಗೆ ಒಂದಕ್ಷರ ತಪ್ಪದೆ ಕೇಳಿಸಿದ ಕಂಠ ಅವರದು. ಇದರ ಜೊತೆಗೆ ಮಳೆಗಾಲದಲ್ಲಿ, ಯಕ್ಷಗಾನದ ಪದಗಳಿಗೆ ಕೂತಲ್ಲೇ ಮಾತು ಕಟ್ಟುವ ತಾಳಮದ್ದಳೆಯ ಅರ್ಥಧಾರಿಯಾಗಿಯೂ (ಮಾತಾಡುವ ಕಲಾವಿದನಾಗಿಯೂ) ಅವರಿಗೆ ಸುತ್ತಲಿನ ಊರುಗಳಲ್ಲಿ ಹೆಸರಿತ್ತು. ಈ ಎರಡನೆಯ ಸಂಗತಿಯನ್ನು ಪಾತ್ರ ಹಂಚುವಾಗ ನಮ್ಮಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕೊನೆಗೆ ಕೈಹಿಡಿದದ್ದು ಅದೇ ಆದುದರಿಂದ ಇಲ್ಲಿಯೇ ಹೇಳಿಟ್ಟಿದ್ದೇನೆ.

ಸಿನಿಮಾ ಸಣ್ಣ ಬಜೆಟ್ಟಿನದು. ಹಿರಿಯಡಕದ ಆಚೆಯ ಹಳೆಯ ಮನೆಯೊಂದರಲ್ಲಿ, ಮಲ್ಪೆಯ ಬಂದರಿನಲ್ಲಿ ಮತ್ತು ಒಂದು ಆಸ್ಪತ್ರೆಯಲ್ಲಿ ಒಟ್ಟು 22 ದಿನಗಳ ಚಿತ್ರೀಕರಣ, ಅದರಲ್ಲಿ ಮಾಸ್ಟ್ರ ಪಾಲಿಗೆ 11 ದಿನ. ಅವರದು ಅಡಿಕೆ ತೋಟದ ಯಜಮಾನನ ಪಾತ್ರ. ಗಲ್ಫಿನಿಂದ ಕೆಲಸ ಕಳೆದುಕೊಂಡು ಬಂದ ಮಗ ತೋಟವನ್ನು ಅಡವಿಟ್ಟ ಸಂಗತಿಯನ್ನು ತಂದೆಗೆ ಚಾವಡಿಯಲ್ಲಿ ಹೇಳುವ ದೃಶ್ಯವೇ ಇಡೀ ಕಥೆಯ ತಿರುಗಣಿ. ನಿರ್ದೇಶಕರು ಮಾಸ್ಟ್ರ ನಾಟಕಗಳನ್ನು ಕಂಡು ಬೆಳೆದ ಯುವಕ, ಆದ್ದರಿಂದ ಮುಖಪರೀಕ್ಷೆ ಎಂದು ಕ್ಯಾಮೆರಾದ ಎದುರು ನಿಲ್ಲಿಸಿ ನೋಡುವುದು ಹಿರಿಯರಿಗೆ ಮಾಡುವ ಅಗೌರವ ಎಂದು ಅವರಿಗೆ ಅನ್ನಿಸಿತು. ಆ ಸಂಕೋಚವೇ ಮೊದಲ ತಪ್ಪು ನಿರ್ಧಾರವಾಗಿತ್ತು.

ತೊಡಕು ಕಾಣಿಸಿಕೊಂಡ ಬಗೆ

ಮೊದಲ ದಿನ ಎಲ್ಲವೂ ಸರಿಯಾಗಿಯೇ ಇತ್ತು. ಅಂದು ತೆಗೆದದ್ದು ತೋಟದ ಈ ತುದಿಯಿಂದ ಆ ತುದಿಯಲ್ಲಿರುವ ಮಗನನ್ನು ತಂದೆ ಕೂಗಿ ಕರೆಯುವ ದೂರದ ಶಾಟ್. ಮಾಸ್ಟ್ರು ಕೂಗಿದ ಕೂಗಿಗೆ ಇಡೀ ತಂಡ ತಿರುಗಿ ನೋಡಿತು. ಒಂದೇ ಟೇಕಿನಲ್ಲಿ ಮುಗಿಯಿತು. ನಾವೆಲ್ಲ ನಿಶ್ಚಿಂತರಾದೆವು.

ಎರಡನೆಯ ದಿನ ಆಸ್ಪತ್ರೆಯ ದೃಶ್ಯ. ಅದು ಕಥೆಯ ಕೊನೆಯಲ್ಲಿ ಬರುವಂಥದ್ದು. ಆದರೆ ಆ ವಾರ್ಡು ನಮಗೆ ಸಿಕ್ಕಿದ್ದು ಅಂದೊಂದು ದಿನ ಮಾತ್ರ. ನಾಟಕದಲ್ಲಿ ನಟನು ಮೊದಲ ಅಂಕದಿಂದ ಹೊರಟು ಎರಡು ತಾಸು ನಡೆದುಕೊಂಡೇ ಕೊನೆಯ ದುಃಖಕ್ಕೆ ಬಂದು ಮುಟ್ಟುತ್ತಾನೆ. ದಾರಿಯಲ್ಲಿ ಕೂಡಿಬಂದ ದಣಿವು, ಸಭೆಯ ಮೌನ, ಎದುರು ಪಾತ್ರದ ಬಿಸಿ ಎಲ್ಲವೂ ಅವನನ್ನು ಅಲ್ಲಿಗೆ ತಲುಪಿಸುತ್ತವೆ. ಮಾಸ್ಟ್ರಿಗೆ ಇಲ್ಲಿ ಆ ದಾರಿಯೇ ಇರಲಿಲ್ಲ. ಮಗನೊಡನೆ ಇನ್ನೂ ಒಂದು ಜಗಳವನ್ನೂ ಆಡದೆ ಅವನ ಹಾಸಿಗೆಯ ಬಳಿ ಕೂತು ಕ್ಷಮಿಸಬೇಕಾಗಿತ್ತು. ಇಲ್ಲದ ದಾರಿಯ ಜಾಗವನ್ನು ಅವರು ಕಂಠದಿಂದ ತುಂಬಿದರು. ಅವರ ಗದ್ಗದ ಪಕ್ಕದ ವಾರ್ಡಿಗೂ ಕೇಳಿಸಿತು.

ಮೂರನೆಯ ದಿನ ಚಾವಡಿಯ ದೃಶ್ಯವನ್ನು ಕೈಗೆತ್ತಿಕೊಂಡಾಗ ತೊಡಕು ಪೂರ್ತಿಯಾಗಿ ಕಾಣಿಸಿತು. ಶಬ್ದವನ್ನು ಸ್ಥಳದಲ್ಲೇ ಹಿಡಿಯುತ್ತಿದ್ದೆವು. ಮಗನ ಪಾತ್ರದ ಹುಡುಗ ಮನೆಯೊಳಗೆ ಮಾತಾಡುವ ದನಿಯಲ್ಲಿ ಹೇಳಿದರೆ, ಮೂರಡಿ ದೂರದಲ್ಲಿ ಕೂತ ತಂದೆ ಅಂಗಳ ದಾಟುವ ದನಿಯಲ್ಲಿ ಉತ್ತರಿಸುತ್ತಿದ್ದರು. ಶಬ್ದ ಹಿಡಿಯುವವರು ಗೇನ್ (ಮೈಕು ಶಬ್ದ ಹಿಡಿಯುವ ಮಟ್ಟ) ಇಳಿಸಿದರೆ ಹುಡುಗನ ಮಾತು ಮುಳುಗುತ್ತಿತ್ತು. ಮಾಸ್ಟ್ರ ದೇಹವೂ ತಾನಾಗಿಯೇ ಹೊರಗೆ ತಿರುಗುತ್ತಿತ್ತು: ರಂಗದ ಮೇಲೆ ಸಭೆಗೆ ಬೆನ್ನು ಹಾಕಬಾರದು, ಎದುರು ಪಾತ್ರದೊಡನೆ ಮಾತಾಡುವಾಗಲೂ ಮುಖದ ಮುಕ್ಕಾಲು ಭಾಗ ಸಭೆಗೆ ಕಾಣಬೇಕು ಎಂಬ 30 ವರ್ಷದ ಪಾಠ ಅವರ ಬೆನ್ನುಮೂಳೆಯಲ್ಲೇ ಇತ್ತು. ಪರಿಣಾಮವಾಗಿ, ಮಗ ತೋಟ ಅಡವಿಟ್ಟದ್ದನ್ನು ಹೇಳುವಾಗ ತಂದೆ ಮಗನನ್ನು ಬಿಟ್ಟು ಯಾವುದೋ ಮೂರನೆಯವರನ್ನು ನೋಡುತ್ತಿರುವಂತೆ ಚಿತ್ರದಲ್ಲಿ ಕಾಣುತ್ತಿತ್ತು. ಕ್ಲೋಸಪ್‌ಗೆ ಹಾಕಿದ್ದು 85 ಎಂಎಂ ಲೆನ್ಸ್. ಅಪರ್ಚರನ್ನು (ಲೆನ್ಸಿನಲ್ಲಿ ಬೆಳಕು ಒಳಬರುವ ಕಂಡಿ) ಅಗಲವಾಗಿ ತೆರೆದಿಟ್ಟು ಹತ್ತಿರದಿಂದ ತೆಗೆಯುವಾಗ ಸ್ಪಷ್ಟವಾಗಿ ಕಾಣುವ ಆಳ ಒಂದೆರಡು ಅಂಗುಲ ಮಾತ್ರ. ಆವೇಶದಲ್ಲಿ ಮಾಸ್ಟ್ರು ಮುಂದಕ್ಕೆ ಬಾಗಿದಾಗಲೆಲ್ಲ ಅವರ ಕಣ್ಣು ಮಸುಕಾಗಿ ಕಿವಿ ಸ್ಪಷ್ಟವಾಗುತ್ತಿತ್ತು.

ಅಂದು 14 ಟೇಕ್ ಆಯಿತು. ಒಂದೊಂದು ಟೇಕಿನಲ್ಲೂ ಅವರು ಹೊಸತನ್ನು ಕೊಡುತ್ತಿದ್ದರು. ನಾಟಕದಲ್ಲಿ ಅದು ಜೀವಂತಿಕೆ. ಆದರೆ ಒಂದೇ ಕ್ಯಾಮೆರಾ ಇಟ್ಟುಕೊಂಡು ಮಾಸ್ಟರ್ ಶಾಟ್ (ಇಡೀ ದೃಶ್ಯವನ್ನು ಒಟ್ಟಾಗಿ ಹಿಡಿಯುವುದು), ಹೆಗಲ ಮೇಲಿನ ಶಾಟ್, ಕ್ಲೋಸಪ್ ಎಂದು ಬೇರೆಬೇರೆಯಾಗಿ ತೆಗೆದು ಆಮೇಲೆ ಜೋಡಿಸುವಾಗ, ಒಂದರಲ್ಲಿ ಬಲಗೈ ಎತ್ತಿ ಇನ್ನೊಂದರಲ್ಲಿ ಎಡಗೈ ಎತ್ತಿದರೆ ಸಂಕಲನಕಾರರಿಗೆ ಕತ್ತರಿಸಲು ಜಾಗವೇ ಸಿಗುವುದಿಲ್ಲ.

ಮೊದಲ ಎರಡು ಪ್ರಯತ್ನಗಳು

ನಿರ್ದೇಶಕರು ಮೊದಲ ಟೇಕಿನಿಂದಲೂ ಹೇಳುತ್ತಿದ್ದುದು ಒಂದೇ ಮಾತು: “ಸ್ವಲ್ಪ ಕಮ್ಮಿ ಮಾಡಿ ಮಾಸ್ಟ್ರೇ.” ನಾಟಕದಿಂದ ಬಂದವರಿಗೆ ಸಿನಿಮಾದವರು ಎಲ್ಲ ಕಡೆ ಹೇಳುವ ಮಾತೇ ಇದು. ಮಾಸ್ಟ್ರು ಶಿಸ್ತಿನ ಮನುಷ್ಯ. ಹೇಳಿದಂತೆ ಕಮ್ಮಿ ಮಾಡಿದರು. ಮೊದಲು ದನಿ ಇಳಿಸಿದರು, ಆಮೇಲೆ ಕೈ ಕಟ್ಟಿದರು, ಆಮೇಲೆ ಹುಬ್ಬು ನಿಲ್ಲಿಸಿದರು. ಹನ್ನೊಂದನೆಯ ಟೇಕಿನ ಹೊತ್ತಿಗೆ ಮುಖದಲ್ಲಿ ಏನೂ ಉಳಿದಿರಲಿಲ್ಲ. ಊಟಕ್ಕೆ ಕೂತಾಗ ಅವರು ನನ್ನನ್ನು ಕೇಳಿದ ಪ್ರಶ್ನೆಯನ್ನು ನಾನು ಇಂದಿಗೂ ಹೊಸ ನಟರಿಗೆ ಹೇಳುತ್ತಿರುತ್ತೇನೆ: “ನನಗೆ ಬರುವುದನ್ನೆಲ್ಲ ಕಮ್ಮಿ ಮಾಡಿದ ಮೇಲೆ ಅಲ್ಲಿ ಉಳಿಯುವುದು ಎಂತ ಮಾರಾಯ್ರೇ?”

ಆಗ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರದ ಬದಲು ಎರಡನೆಯ ತಪ್ಪನ್ನು ಮಾಡಿದೆ. ಅವರು ಏನು ಮಾಡುತ್ತಿದ್ದಾರೆಂಬುದು ಅವರಿಗೇ ಕಂಡರೆ ತಿದ್ದಿಕೊಳ್ಳುತ್ತಾರೆ ಎಂದು ನಂಬಿ, ನಾಲ್ಕನೆಯ ದಿನ ಬೆಳಗ್ಗೆ ಅವರನ್ನು ಮಾನಿಟರ್ ಮುಂದೆ ಕೂರಿಸಿ ಹಿಂದಿನ ದಿನದ ಟೇಕುಗಳನ್ನು ತೋರಿಸಿದೆ. ಅವರು ಮೊದಲಿನಿಂದ ಕೊನೆಯವರೆಗೆ ಮಾತಿಲ್ಲದೆ ನೋಡಿದರು. ತನ್ನ ಮುಖವನ್ನು ಅಷ್ಟು ಹತ್ತಿರದಿಂದ ಅವರು ಎಂದೂ ಕಂಡಿರಲಿಲ್ಲ. ರಂಗನಟನಿಗೆ ತನ್ನ ಅಭಿನಯ ಒಳಗಿನಿಂದ ಗೊತ್ತಿರುತ್ತದೆ, ಸಭೆಯ ಉಸಿರಿನಿಂದ ಗೊತ್ತಾಗುತ್ತದೆ, ಕಣ್ಣಿಗೆ ಕಂಡಿರುವುದಿಲ್ಲ. ಆ ದಿನ ಅವರು ಪ್ರತಿಯೊಂದು ಸಾಲನ್ನು ಹೇಳುವಾಗಲೂ ತನ್ನ ಮುಖವನ್ನು ತಾನೇ ಹೊರಗಿನಿಂದ ಕಾಯುತ್ತಿದ್ದರು. 11 ದಿನಗಳಲ್ಲಿ ಅದೇ ಅತ್ಯಂತ ಕೆಟ್ಟ ದಿನ, ಮತ್ತು ಅದಕ್ಕೆ ನಾನೇ ಕಾರಣ. ಅಂದು ತೆಗೆದ ಯಾವುದೂ ಸಿನಿಮಾದಲ್ಲಿ ಉಳಿದಿಲ್ಲ.

ಸಂಜೆ ಇನ್ನೊಂದು ಪ್ರಯತ್ನ ಮಾಡಿದೆ. ಸುಮಾರು ನೂರು ವರ್ಷಗಳ ಹಿಂದೆ ರಷ್ಯದ ಚಿತ್ರನಿರ್ದೇಶಕ ಲೆವ್ ಕುಲೆಶೋವ್ ಮಾಡಿದ ಪ್ರಯೋಗವನ್ನು ವಿವರಿಸಿದೆ: ನಟನೊಬ್ಬನ ಭಾವರಹಿತವಾದ ಒಂದೇ ಶಾಟನ್ನು ಸೂಪಿನ ಬಟ್ಟಲಿನ ಪಕ್ಕ, ಶವಪೆಟ್ಟಿಗೆಯಲ್ಲಿರುವ ಮಗುವಿನ ಪಕ್ಕ, ಒಬ್ಬ ಹೆಂಗಸಿನ ಪಕ್ಕ ಜೋಡಿಸಿದಾಗ, ನೋಡಿದವರು ಆ ಒಂದೇ ಮುಖದಲ್ಲಿ ಹಸಿವನ್ನು, ಶೋಕವನ್ನು, ಮೋಹವನ್ನು ಕಂಡರು. ಆದ್ದರಿಂದ ಎಲ್ಲವನ್ನೂ ಮುಖವೇ ಹೇಳಬೇಕಾಗಿಲ್ಲ ಎಂದೆ. ಮಾಸ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅಭಿನಯಿಸುವುದು ಸಂಕಲನಕಾರ, ನಾನಲ್ಲ. ನನ್ನ ಫೋಟೋ ಇದ್ದರೂ ಸಾಕಲ್ಲ?” ಎಂದರು. ಅವರ ಆಕ್ಷೇಪ ಸರಿಯಾಗಿತ್ತು. ಜೋಡಣೆ ಮುಖಕ್ಕೆ ಅರ್ಥ ಕೊಡಬಲ್ಲದು ಎಂಬುದು ನಿಜ. ಆದರೆ ಒಳಗೆ ಏನೋ ನಡೆಯುತ್ತಿರುವ ಮುಖವನ್ನೂ ಏನೂ ನಡೆಯದ ಮುಖವನ್ನೂ ಎರಡು ನಿಮಿಷದ ಕ್ಲೋಸಪ್‌ನಲ್ಲಿ ನೋಡುಗರು ಬೇರೆಮಾಡಿ ಗುರುತಿಸುತ್ತಾರೆ.

ನಟರನ್ನು ಬದಲಿಸುವ ಪ್ರಶ್ನೆ

ಅದೇ ರಾತ್ರಿ ನಿರ್ಮಾಪಕರು ಬೇರೆ ನಟರನ್ನು ಕರೆಸುವ ಮಾತೆತ್ತಿದರು. ಬೆಂಗಳೂರಿನಲ್ಲಿ ಧಾರಾವಾಹಿಗಳಲ್ಲಿ ಪಳಗಿದ ಒಬ್ಬರು ಮೂರು ದಿನಗಳಲ್ಲಿ ಬರಲು ಸಿದ್ಧರಿದ್ದರು. ನಾಟಕದವರಿಗೆ ಕ್ಯಾಮೆರಾ ಒಗ್ಗುವುದಿಲ್ಲ ಎಂಬುದು ನಿರ್ಮಾಪಕರ ವಾದ. ಈ ವಾದಕ್ಕೆ ನಮ್ಮ ಜಿಲ್ಲೆಗಳ ಕಥೆಯೇ ಉತ್ತರ ಕೊಡುತ್ತದೆ: ಶಿವರಾಮ ಕಾರಂತರ ಕಾದಂಬರಿಯನ್ನು ಬಿ. ವಿ. ಕಾರಂತರು 1975ರಲ್ಲಿ ‘ಚೋಮನ ದುಡಿ’ಯಾಗಿ ತೆರೆಗೆ ತಂದಾಗ, ಚೋಮನಾಗಿ ರಾಷ್ಟ್ರಪ್ರಶಸ್ತಿ ಪಡೆದ ಎಂ. ವಿ. ವಾಸುದೇವರಾವ್ ನಾಟಕ ಕಂಪನಿಯಿಂದ ಬಂದವರು. ನಿರ್ದೇಶಿಸಿದ ಕಾರಂತರೂ ರಂಗಭೂಮಿಯವರೇ. ನಿರ್ದೇಶಕರು ಆ ರಾತ್ರಿ ಇದನ್ನೇ ಹೇಳಿದರು. ಆದರೆ ನಿರ್ಮಾಪಕರ ಮನಸ್ಸು ಬದಲಾದದ್ದು ಅದರಿಂದಲ್ಲ, ಲೆಕ್ಕದಿಂದ: ಮೊದಲ ದಿನದ ದೂರದ ಶಾಟುಗಳನ್ನು ಮತ್ತೆ ತೆಗೆಯುವ ಖರ್ಚು ದೊಡ್ಡದಿತ್ತು. ಕೊನೆಗೆ ವೇಳಾಪಟ್ಟಿ ಬದಲಿಸಿ ಮಲ್ಪೆಯ ಬಂದರಿನ ದೃಶ್ಯಗಳನ್ನು ಮುಂದಕ್ಕೆ ತಂದು, ನಮಗೆ ಎರಡು ದಿನ ಬಿಟ್ಟುಕೊಟ್ಟರು.

ತಾಳಮದ್ದಳೆಯ ಕಿವಿ

ಆ ಎರಡು ದಿನಗಳಲ್ಲಿ ನಾನು ಕ್ಯಾಮೆರಾದ ಮಾತನ್ನೇ ಎತ್ತಲಿಲ್ಲ. ಮೊದಲ ದಿನ ಮಾಸ್ಟ್ರನ್ನೂ ಮಗನ ಪಾತ್ರದ ಹುಡುಗನನ್ನೂ ಕರೆದುಕೊಂಡು ಅದೇ ಮನೆಯಲ್ಲಿ ಒಂದೇ ಮಾತನ್ನು ಮೂರು ಕಡೆ ಆಡಿಸಿದೆ: ಹುಡುಗ ತೋಟದ ತಡಮೆಯ ಆಚೆ ನಿಂತು, ಆಮೇಲೆ ಅಂಗಳದಲ್ಲಿ ನಿಂತು, ಆಮೇಲೆ ಚಾವಡಿಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತು. ದನಿ ತಾನಾಗಿ ಇಳಿಯುತ್ತ ಬಂತು, ಸಿಟ್ಟು ಇಳಿಯಲಿಲ್ಲ. “ಕಮ್ಮಿ ಮಾಡಿ” ಎಂದಾಗ ಮಾಸ್ಟ್ರು ಸಿಟ್ಟನ್ನೇ ಕಮ್ಮಿ ಮಾಡಿದ್ದರು ಎಂಬುದು ನಮಗಿಬ್ಬರಿಗೂ ಆಗ ಗೊತ್ತಾಯಿತು. ಅಂಗಳದ ದೂರಕ್ಕೆ ಅಂಗಳದ ದನಿ, ಮೊಣಕಾಲಿನ ದೂರಕ್ಕೆ ಮೊಣಕಾಲಿನ ದನಿ, ಸಿಟ್ಟು ಮಾತ್ರ ಮೂರಕ್ಕೂ ಒಂದೇ. ಇಷ್ಟನ್ನು ಮೂರನೆಯ ದಿನವೇ ಹೇಳಲು ನಮಗೆ ತಿಳಿದಿರಲಿಲ್ಲ.

ಆದರೂ ಒಂದು ಕೊರತೆ ಉಳಿದಿತ್ತು. ತಾನು ಮಾತಾಡುವಾಗ ಮಾಸ್ಟ್ರು ಸರಿಯಾಗಿದ್ದರು; ಮಗ ಮಾತಾಡುವಾಗ ಅವರ ಮುಖ ತನ್ನ ಸರದಿಗಾಗಿ ಕಾಯುತ್ತಿತ್ತು. ನಾಟಕದಲ್ಲಿ ಆ ಹೊತ್ತಿಗೆ ಸಭೆ ಮಗನನ್ನು ನೋಡುತ್ತಿರುತ್ತದೆ, ಆದ್ದರಿಂದ ಕಾಯುವ ಮುಖ ಯಾರಿಗೂ ಕಾಣುವುದಿಲ್ಲ. ಕ್ಯಾಮೆರಾ ಮಾತಾಡುವವನನ್ನು ಬಿಟ್ಟು ಕೇಳುವವನನ್ನೇ ನೋಡಬಹುದು, ಮತ್ತು ಈ ದೃಶ್ಯದಲ್ಲಿ ನಿರ್ದೇಶಕರಿಗೆ ಬೇಕಾಗಿದ್ದದ್ದು ತಂದೆಯ ಮುಖವೇ.

ಎರಡನೆಯ ದಿನ ಚಹಾ ಕುಡಿಯುತ್ತ ಕೂತಿದ್ದಾಗ ಹುಡುಗ ತಾಳಮದ್ದಳೆಯ ಬಗ್ಗೆ ಏನೋ ಕೇಳಿದ. ಎದುರಿನ ಅರ್ಥಧಾರಿ ಅರ್ಧ ಗಂಟೆ ಮಾತಾಡುವಾಗ ನೀವು ಏನು ಮಾಡುತ್ತಿರುತ್ತೀರಿ ಎಂಬುದು ಅವನ ಪ್ರಶ್ನೆ. ಮಾಸ್ಟ್ರು ಉತ್ಸಾಹದಿಂದ ಹೇಳತೊಡಗಿದರು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಮಾತೂ ಇಲ್ಲ. ಭಾಗವತರ ಪದವೊಂದೇ ಆಧಾರ. ಎದುರಿನವನು ಯಾವ ಮಾತನ್ನು ಎಲ್ಲಿ ಸಡಿಲ ಬಿಡುತ್ತಾನೆ, ಎಲ್ಲಿ ಹಿಡಿಯಬಹುದು ಎಂದು ಮೈಯೆಲ್ಲ ಕಿವಿಯಾಗಿ ಕೂತಿರಬೇಕು. ಒಂದು ಶಬ್ದ ತಪ್ಪಿಸಿಕೊಂಡರೂ ಉತ್ತರ ಬಿದ್ದುಹೋಗುತ್ತದೆ. ಇದನ್ನು ಹೇಳುವಾಗ ಅವರು ಕೈ ಅಲ್ಲಾಡಿಸಲಿಲ್ಲ, ದನಿ ಏರಿಸಲಿಲ್ಲ. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ನಮಗೆ ಬೇಕಾಗಿದ್ದ ಮುಖ ಅದೇ.

ಅಂದೇ ಒಂದು ನಿರ್ಧಾರ ತೆಗೆದುಕೊಂಡೆವು. ತಂದೆಯ ಕ್ಲೋಸಪ್ ತೆಗೆಯುವಾಗ ಹುಡುಗ ಲೆನ್ಸಿನ ಪಕ್ಕದಲ್ಲೇ ಕೂರುತ್ತಾನೆ, ಮತ್ತು ತನ್ನ ಮಾತುಗಳನ್ನು ಬರೆದಿದ್ದಂತೆ ಹೇಳದೆ ಪ್ರತಿ ಟೇಕಿನಲ್ಲೂ ಬದಲಿಸಿ ಹೇಳುತ್ತಾನೆ. ಅವನ ಮಾತು ಆ ಶಾಟಿನಲ್ಲಿ ಬಳಕೆಯಾಗುವುದಿಲ್ಲ, ಆದ್ದರಿಂದ ಕಂಟಿನ್ಯುಯಿಟಿಗೆ, ಎಂದರೆ ಶಾಟಿನಿಂದ ಶಾಟಿಗೆ ಇರಬೇಕಾದ ಹೊಂದಿಕೆಗೆ, ತೊಂದರೆ ಇಲ್ಲ. ಮಾಸ್ಟ್ರು ಅದನ್ನು ಎದುರಿನ ಅರ್ಥಧಾರಿಯ ಮಾತಿನಂತೆ ಕೇಳಬೇಕು, ಎಲ್ಲಿ ಹಿಡಿಯಬೇಕೆಂದು ಹುಡುಕಬೇಕು. ಬೇರೆ ಯಾವ ಸೂಚನೆಯನ್ನೂ ಯಾರೂ ಕೊಡಬಾರದು. ಮಾನಿಟರನ್ನು ಅವರ ಕಣ್ಣಿಗೆ ಬೀಳದಂತೆ ಒಳಕೋಣೆಯಲ್ಲಿ ಇಡಬೇಕು. “ಕಮ್ಮಿ” ಎಂಬ ಶಬ್ದವನ್ನು ತಂಡದಲ್ಲಿ ಯಾರೂ ಆಡಬಾರದು ಎಂದು ನಿರ್ದೇಶಕರೇ ಎಲ್ಲರಿಗೂ ಹೇಳಿದರು.

ಏಳು ಅಡಿಕೆ

ಕೈಗೆ ಕೆಲಸ ಕೊಡುವ ಆಲೋಚನೆ ಮಾಸ್ಟ್ರದೇ. ತೋಟದ ಮನೆಯಲ್ಲಿ ಬೇಸಗೆಯ ಸಂಜೆ ಯಜಮಾನ ಸುಮ್ಮನೆ ಕೂತಿರುವುದಿಲ್ಲ, ಒಣಗಿದ ಅಡಿಕೆ ಸುಲಿಯುತ್ತಿರುತ್ತಾನೆ ಎಂದರು. ಅವರು ಹುಟ್ಟಿದ್ದು ಅಡಿಕೆ ಬೆಳೆಯುವ ಮನೆಯಲ್ಲಿ. ಮೆಟ್ಟುಕತ್ತಿಯ ಮಣೆಯ ಮೇಲೆ ಕೂತ ಕೂಡಲೇ ಅವರ ಬೆನ್ನು ಸಭೆಯನ್ನು ಮರೆತು ಬಾಗಿತು. ಒಣಗಿದ ಅಡಿಕೆಯನ್ನು ಕತ್ತಿಯ ಮೊನೆಗೆ ಒತ್ತಿ, ಸಿಪ್ಪೆಯನ್ನು ಎರಡೂ ಕೈಯಿಂದ ಬಿಡಿಸಿ, ಸುಲಿದದ್ದನ್ನು ಹೆಡಿಗೆಗೆ (ಬುಟ್ಟಿಗೆ) ಹಾಕುವುದಕ್ಕೆ ಅವರಿಗೆ ನೋಡುವ ಅಗತ್ಯವೇ ಇರಲಿಲ್ಲ. ಕಣ್ಣು ಬಿಡುವಾಗಿತ್ತು, ಕಿವಿ ಬಿಡುವಾಗಿತ್ತು.

ಶಬ್ದದವರು ಕೂಡಲೇ ತಡೆದರು: ಹೆಡಿಗೆಗೆ ಬಿದ್ದ ಪ್ರತಿಯೊಂದು ಅಡಿಕೆಯ ಸದ್ದೂ ಮಾತಿನ ಮೇಲೆ ಬೀಳುತ್ತಿತ್ತು. ಹೆಡಿಗೆಯ ತಳಕ್ಕೆ ಗೋಣಿ ಮಡಿಸಿ ಹಾಸಿದೆವು. ಸಿಪ್ಪೆಯ ರಾಶಿ ಟೇಕಿನಿಂದ ಟೇಕಿಗೆ ಬೆಳೆದರೆ ಜೋಡಿಸುವಾಗ ಹೊಂದಿಕೆಯಾಗುವುದಿಲ್ಲವೆಂದು, ದೃಶ್ಯದಲ್ಲಿ ಒಟ್ಟು 7 ಅಡಿಕೆ ಸುಲಿಯುವುದು, ಯಾವ ಅಡಿಕೆ ಯಾವ ಮಾತಿಗೆ ಎಂದು ಲೆಕ್ಕ ಹಾಕಿ, ಪ್ರತಿ ಟೇಕಿನ ಕೊನೆಗೆ ರಾಶಿಯ ಫೋಟೋ ತೆಗೆದು ಮೊದಲಿನಂತೆ ಮಾಡುತ್ತಿದ್ದೆವು. ಕಂಟಿನ್ಯುಯಿಟಿಯನ್ನು ಕಿರಿಕಿರಿ ಎಂದುಕೊಂಡಿದ್ದ ಮಾಸ್ಟ್ರು ಈ ಲೆಕ್ಕವನ್ನು ಬಲು ಬೇಗ ಹಿಡಿದರು. ತಾಳಕ್ಕೆ ಸರಿಯಾಗಿ ಮಾತು ಮುಗಿಸಿ ಅಭ್ಯಾಸವಿದ್ದವರಿಗೆ ಅಡಿಕೆಯ ಲೆಕ್ಕ ಭಾರವಾಗಲಿಲ್ಲ. ಕೈ ಎಲ್ಲಿರಬೇಕೆಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು. ಮಣೆಯ ಮೇಲೆ ಕೂತದ್ದರಿಂದ ಆವೇಶದಲ್ಲಿ ಮುಂದಕ್ಕೆ ವಾಲುವುದೂ ನಿಂತು, ಫೋಕಸ್ ಹಿಡಿಯುವ ಹುಡುಗನಿಗೆ ಉಸಿರಾಡಲು ಎಡೆಯಾಯಿತು.

ಮೂರನೆಯ ಟೇಕಿನಲ್ಲಿ ಹುಡುಗ ಬರೆದ ಮಾತನ್ನು ಬಿಟ್ಟು, “ಅಪ್ಪ, ಬಾವಿಯ ಬದಿಯ ತೋಟವೂ ಸೇರಿ ಹೋಯಿತು,” ಎಂದ. ಬಾವಿಯ ಬದಿಯ ತೋಟ ಚಿತ್ರಕಥೆಯಲ್ಲೇ ಇರಲಿಲ್ಲ. ಮಾಸ್ಟ್ರ ಕೈಯಲ್ಲಿದ್ದ ಐದನೆಯ ಅಡಿಕೆ ಕತ್ತಿಯ ಮೊನೆಯ ಮೇಲೆ ಅರ್ಧ ಇಳಿದು ನಿಂತಿತು. ಅವರು ತಲೆಯೆತ್ತಲಿಲ್ಲ. ಆ ಜಾಗದಲ್ಲಿ ಅವರಿಗೆ ನಾಲ್ಕು ಸಾಲಿನ ಮಾತಿತ್ತು, ಇಡೀ ಪಾತ್ರದಲ್ಲಿ ಅವರು ಅತ್ಯಂತ ಪ್ರೀತಿಸಿದ್ದ ಮಾತು; ಅದನ್ನು ಆಡಲಿಲ್ಲ. ಅಡಿಕೆಯನ್ನು ಪೂರ್ತಿ ಸುಲಿದು, ಹೆಡಿಗೆಗೆ ಹಾಕಿ, ಆರನೆಯದನ್ನು ಕೈಗೆ ತೆಗೆದುಕೊಂಡರು. ನಿರ್ದೇಶಕರು ಕಟ್ ಹೇಳುವುದನ್ನು ಮರೆತರು. ಆಮೇಲೆ ಮಾಸ್ಟ್ರು ನಮ್ಮ ಕಡೆ ತಿರುಗಿ, “ಆ ನಾಲ್ಕು ಸಾಲು ಬೇಕಾ? ಅವ ಹಾಗೆ ಹೇಳಿದ ಮೇಲೆ ನನಗೆ ಅದನ್ನು ಹೇಳಲಿಕ್ಕೆ ಬರಲಿಲ್ಲ,” ಎಂದರು. ಸಿನಿಮಾದಲ್ಲಿ ಇರುವುದು ಆ ಟೇಕೇ. ಹುಡುಗನ ಆ ಮಾತನ್ನು ಆಮೇಲೆ ಅವನ ಶಾಟಿನಲ್ಲಿಯೂ ಸೇರಿಸಿ ತೆಗೆದೆವು.

ಫಲ, ಮತ್ತು ಉಳಿದ ಕೊರತೆ

ಉಳಿದ ದಿನಗಳಲ್ಲಿ ಮಾಸ್ಟ್ರ ದೃಶ್ಯಗಳು ಸರಾಸರಿ ಮೂರು ನಾಲ್ಕು ಟೇಕಿನಲ್ಲಿ ಮುಗಿದವು. ದೃಶ್ಯಗಳನ್ನು ಹಿಂದುಮುಂದಾಗಿ ತೆಗೆಯುವ ತೊಡಕಿಗೆ ಅವರು ತನ್ನದೇ ಉಪಾಯ ಕಂಡುಕೊಂಡರು: ಶಾಲೆಯ ಹಳೆಯ ಹಾಜರಿ ಪುಸ್ತಕದಲ್ಲಿ ಕಥೆಯ ಕ್ರಮದಂತೆ ದೃಶ್ಯಗಳನ್ನು ಬರೆದು, ಪ್ರತಿಯೊಂದರ ಮುಂದೆ, ಈ ಹೊತ್ತಿಗೆ ತಂದೆಗೆ ಮಗನ ಬಗ್ಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂದು ಒಂದು ಸಾಲು ಬರೆದಿಟ್ಟರು. ಭಾವ ಎಷ್ಟು ಎಂಬುದನ್ನು ಎಲ್ಲಿಯೂ ಬರೆಯಲಿಲ್ಲ. ನಾನು ಈಗ ಕೆಲಸ ಮಾಡುವ ಕಡೆಗಳಲ್ಲೆಲ್ಲ ನಟರಿಗೆ ಇಂಥದೊಂದು ಪುಸ್ತಕ ಬರೆಯಲು ಹೇಳುತ್ತೇನೆ, ಮತ್ತು ಕ್ಯಾಮೆರಾಕ್ಕೆ ಹೊಸಬರಾದ ರಂಗನಟರನ್ನು ಮೊದಲ ವಾರ ಮಾನಿಟರ್ ಬಳಿ ಬಿಡುವುದಿಲ್ಲ. ಅವರಿಗೆ ಎದುರು ನಟ ಲೆನ್ಸಿನ ಪಕ್ಕದಲ್ಲಿ ನಿಜವಾಗಿ ಕೂತಿರಬೇಕು ಎಂದು ಹಠ ಹಿಡಿಯುತ್ತೇನೆ. ತನ್ನ ಶಾಟ್ ಮುಗಿಯಿತೆಂದು ಆತ ಎದ್ದುಹೋಗಿ, ಸಹಾಯಕ ನಿರ್ದೇಶಕರೊಬ್ಬರು ಅವನ ಮಾತನ್ನು ಓದಿಕೊಡುವ ರೂಢಿಯಿಂದ ಆಗುವ ನಷ್ಟವನ್ನು ಈ ಪ್ರಕರಣಕ್ಕಿಂತ ಮೊದಲು ನಾನು ಇಷ್ಟು ಸ್ಪಷ್ಟವಾಗಿ ಕಂಡಿರಲಿಲ್ಲ.

ಆಸ್ಪತ್ರೆಯ ದೃಶ್ಯವನ್ನು ಮತ್ತೆ ತೆಗೆಯಲು ಆಗಲಿಲ್ಲ. ವಾರ್ಡು ಮತ್ತೆ ಸಿಗಲಿಲ್ಲ, ಹಣವೂ ಇರಲಿಲ್ಲ. ಸಂಕಲನದಲ್ಲಿ ಅವರ ಮುಖದ ಶಾಟುಗಳನ್ನೆಲ್ಲ ಬಿಟ್ಟು, ಹಾಸಿಗೆಯ ಬಳಿ ಬೆನ್ನು ಮಾಡಿ ಕೂತ ದೂರದ ಶಾಟೊಂದನ್ನು ಮಾತಿಲ್ಲದೆ ಉಳಿಸಿಕೊಂಡರು. ಕಥೆಯ ಕೊನೆ ಅದರಿಂದ ದುರ್ಬಲವಾಯಿತು ಎಂಬುದು ನನ್ನ ಅಭಿಪ್ರಾಯ; ಎರಡನೆಯ ದಿನ ಆ ದೃಶ್ಯವನ್ನು ಇಟ್ಟುಕೊಳ್ಳುವ ಬದಲು ವಾರ್ಡನ್ನೇ ಬೇರೆ ಕಡೆ ಹುಡುಕಬೇಕಿತ್ತು. ಮೊದಲ ದಿನದ ತೋಟದ ಕೂಗು ಮಾತ್ರ ಒಂದು ಚೂರೂ ಕತ್ತರಿಸದೆ ಸಿನಿಮಾದಲ್ಲಿದೆ. ರಂಗದ ಕಂಠಕ್ಕೆ ಕ್ಯಾಮೆರಾದ ಎದುರು ಜಾಗವಿಲ್ಲ ಎನ್ನುವವರಿಗೆ ನಾನು ಅದನ್ನೇ ತೋರಿಸುತ್ತೇನೆ.

ಮೂರು ತಿಂಗಳ ನಂತರ ಮಾಸ್ಟ್ರು ಮತ್ತೆ ಬಯಲು ರಂಗದ ಮೇಲೆ ಬಂದರು. ನಾನು ಹಿಂದಿನ ಮೆಟ್ಟಿಲಲ್ಲಿ ಕೂತಿದ್ದೆ. ಮೊದಲ ಹತ್ತು ನಿಮಿಷ ಅವರ ಮಾತು ನಮ್ಮವರೆಗೆ ಬರಲಿಲ್ಲ. ಎದುರು ಪಾತ್ರದ ಮುಖವನ್ನೇ ನೋಡುತ್ತ, ಅವನಿಗಷ್ಟೇ ಕೇಳುವಂತೆ ಹೇಳುತ್ತಿದ್ದರು. ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು “ಜೋರು” ಎಂದು ಕೂಗಿದರು. ಮಾಸ್ಟ್ರು ಒಂದು ಕ್ಷಣ ತಡೆದು, ಎದುರು ಪಾತ್ರದಿಂದ ಕಣ್ಣು ಕೀಳದೆಯೇ, ಮುಂದಿನ ಮಾತನ್ನು ಕೊನೆಯ ಮೆಟ್ಟಿಲಿಗೆ ಮುಟ್ಟಿಸಿದರು.